ನಿತ್ಯೋಪಯೋಗಿ ಪಂಚೆಯ ಆಯ್ಕೆ: ಅಳತೆ, ಬಾಳಿಕೆ ಮತ್ತು ಲೆಕ್ಕಾಚಾರ

ಆದಾಯ ತೆರಿಗೆ, ಸರಕು ಮತ್ತು ಸೇವಾ ತೆರಿಗೆ ಮುಂತಾದ ವಿಷಯಗಳನ್ನು ಕುರಿತು ಈ ಪತ್ರಿಕೆಯ ಪುಟಗಳಲ್ಲಿ ಬರೆಯುತ್ತಿರುವ ನಾನು ಈ ತಿಂಗಳು ಪಂಚೆಯ ವಿಷಯವನ್ನು ಎತ್ತಿಕೊಂಡಿರುವುದು ಕೆಲವು ಸದಸ್ಯರಿಗೆ ಆಶ್ಚರ್ಯವನ್ನುಂಟುಮಾಡಬಹುದು. ಆದರೆ ಇದಕ್ಕೆ ಕಾರಣ ಒಂದು ಲೆಕ್ಕಪತ್ರವೇ ಆಗಿದೆ. ನನ್ನ ಕಕ್ಷಿದಾರರೊಬ್ಬರು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರಸ್ಥರು. ಮಾಲೇಕಲ್ಲಿನ ಕಡೆಗೆ ಅವರದೊಂದು ದಾಸ್ತಾನು ಮಳಿಗೆ ಇದೆ. ಕೆಲವು ವರ್ಷಗಳ ಹಿಂದೆ ಆಯುಧಪೂಜೆಗೆ ತಮ್ಮ ಹಮಾಲರಿಗೆ ಹಾಗೂ ಕೆಲಸಗಾರರಿಗೆ ಕೊಡಲೆಂದು ಅವರು 40 ಪಂಚೆಗಳನ್ನು ಖರೀದಿಸಿದರು. 270 ರೂಪಾಯಿಯ ಪಂಚೆಯನ್ನು ಬಿಟ್ಟು, ನೋಡಲು ಅದರಂತೆಯೇ ಇದ್ದ 210 ರೂಪಾಯಿಯ ಪಂಚೆಯನ್ನು ಆರಿಸಿಕೊಂಡದ್ದರಿಂದ 2,400 ರೂಪಾಯಿ ಉಳಿತಾಯವಾಯಿತೆಂದು ಅವರು ಸಂತೋಷಪಟ್ಟಿದ್ದರು.

ಪಂಚೆಯ ಚೀಟಿಯ ಮೇಲೆ ಉದ್ದ 2.00 ಮೀಟರ್, ಅಗಲ 1.27 ಮೀಟರ್ ಎಂದು ಮುದ್ರಿತವಾಗಿತ್ತು. ಒಂದೆರಡು ಬಾರಿ ಒಗೆದ ಮೇಲೆ ಕೆಲಸಗಾರರಲ್ಲಿ ಹೆಚ್ಚಿನವರು ಅದನ್ನು ಉಡುವುದನ್ನೇ ಬಿಟ್ಟರು. ಉಟ್ಟವರಲ್ಲಿ ಒಬ್ಬ ಹಮಾಲರು ಚೀಲ ಹೊತ್ತು ಲಾರಿಯ ಹಲಗೆಯನ್ನು ಹತ್ತುವಾಗ ಜಾರುತ್ತಿದ್ದ ಪಂಚೆಯನ್ನು ಒಂದು ಕೈಯಿಂದ ಹಿಡಿದುಕೊಳ್ಳಲು ಹೋಗಿ ಆಯ ತಪ್ಪಿ ಬಿದ್ದರು. ಕಾಲು ಉಳುಕಿತು, ಹನ್ನೆರಡು ದಿನ ಕೆಲಸಕ್ಕೆ ಬರಲಾಗಲಿಲ್ಲ. ಚಿಕಿತ್ಸೆಯ ವೆಚ್ಚವನ್ನೂ ಆ ದಿನಗಳ ಕೂಲಿಯನ್ನೂ ಮಾಲೀಕರು ತಾವೇ ಭರಿಸಿದರು. ಅದು ಉಳಿಸಿದ ಹಣದ ಮೂರು ಪಟ್ಟನ್ನು ಮೀರಿತ್ತು. ವರ್ಷಾಂತ್ಯದಲ್ಲಿ ಈ ಖರ್ಚಿನ ವಿವರ ಕೇಳಿದಾಗ ನನಗೆ ಸಂಗತಿ ತಿಳಿಯಿತು. ಉಡದೆ ಉಳಿದಿದ್ದ ಒಂದು ಹೊಸ ಪಂಚೆಯನ್ನು ತರಿಸಿ ಅಳೆದಾಗ ಅದರ ಉದ್ದ 1.90 ಮೀಟರ್, ಅಗಲ 1.20 ಮೀಟರ್ ಮಾತ್ರ ಇತ್ತು. ಒಗೆದ ಪಂಚೆಯಾದರೋ 1.82 ಮೀಟರಿಗೆ ಇಳಿದಿತ್ತು.

ನಾವು ಕೊಬ್ಬರಿಯನ್ನು ತೂಕ ಹಾಕಿಸಿ ಕೊಳ್ಳುತ್ತೇವೆ. ಬಟ್ಟೆಯನ್ನು ಮಾತ್ರ ಚೀಟಿ ಓದಿ ಕೊಳ್ಳುತ್ತೇವೆ. ಪಂಚೆಯ ಖರೀದಿಯಲ್ಲಿ ಆಗುವ ನಷ್ಟಕ್ಕೆ ಬೆಲೆಗಿಂತ ಹೆಚ್ಚಾಗಿ ಅಳತೆಯ ಅಜ್ಞಾನವೇ ಕಾರಣವೆಂಬುದು ನನ್ನ ಅಭಿಪ್ರಾಯ. ತಮ್ಮ ಉಪಯೋಗಕ್ಕೆ ಕೊಳ್ಳುವವರಿಗೂ, ಕೆಲಸಗಾರರಿಗೆ ಕೊಡುವವರಿಗೂ, ಪಂಚೆಯನ್ನು ಮಾರುವ ಹಾಗೂ ತಯಾರಿಸುವ ಸದಸ್ಯರಿಗೂ ಉಪಯುಕ್ತವಾಗಬಹುದಾದ ಅಂಶಗಳನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲು ಪ್ರಯತ್ನಿಸಲಾಗಿದೆ.

ಪಂಚೆಯ ಬಗೆಗಳು

ನಮ್ಮ ಮಾರುಕಟ್ಟೆಯಲ್ಲಿ ಪಂಚೆಯ ಉದ್ದವನ್ನು ಇಂದಿಗೂ ಮೊಳದ ಲೆಕ್ಕದಲ್ಲಿ ಹೇಳುವುದು ರೂಢಿ. ಒಂದು ಮೊಳವೆಂದರೆ ಸುಮಾರು 18 ಅಂಗುಲ, ಅಂದರೆ 45 ಸೆಂಟಿಮೀಟರಿಗಿಂತ ತುಸು ಹೆಚ್ಚು. ಈ ಲೆಕ್ಕದಂತೆ ದೊರೆಯುವ ಮುಖ್ಯ ಬಗೆಗಳು ಇವು.

1. ನಾಲ್ಕು ಮೊಳದ ಒಂಟಿ ಪಂಚೆ: ಉದ್ದ 1.80ರಿಂದ 2.00 ಮೀಟರ್. ಸೊಂಟಕ್ಕೆ ಸುತ್ತಿ ಉಡುವ ಅಡ್ಡಪಂಚೆ ಇದೇ. ನಿತ್ಯದ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವುದೂ ಇದೇ.

2. ಎಂಟು ಮೊಳದ ಪಂಚೆ: ಉದ್ದ 3.60ರಿಂದ 4.00 ಮೀಟರ್. ಇದನ್ನು ಎರಡಾಗಿ ಮಡಿಸಿ ಸುತ್ತಿ ಉಟ್ಟರೆ ಡಬಲ್ ಪಂಚೆ. ಬಿಚ್ಚಿ ನೆರಿಗೆ ಹಿಡಿದು ಉಟ್ಟರೆ ಕಚ್ಚೆಪಂಚೆ.

3. ಒಂಬತ್ತೈದು: ಒಂಬತ್ತು ಮೊಳದ ಪಂಚೆ ಮತ್ತು ಐದು ಮೊಳದ ಉತ್ತರೀಯ. ಪೂಜೆ, ಶುಭಕಾರ್ಯಗಳಿಗೆ ಕಚ್ಚೆ ಹಾಕಿ ಉಡುವವರು ಇದನ್ನು ಕೊಳ್ಳುತ್ತಾರೆ. ಇನ್ನೂ ದೊಡ್ಡ ಮೈಕಟ್ಟಿನವರಿಗೆ ಹತ್ತು ಮೊಳ ಮತ್ತು ಆರು ಮೊಳದ ಜೊತೆಯೂ ದೊರೆಯುತ್ತದೆ.

4. ಲುಂಗಿ: ಎರಡು ತುದಿಗಳನ್ನು ಸೇರಿಸಿ ಹೊಲಿದಿರುವ ಅಥವಾ ಹೊಲಿಯದ ಬಣ್ಣದ ಬಟ್ಟೆ. ಉದ್ದ ಸಾಮಾನ್ಯವಾಗಿ 2.00ರಿಂದ 2.25 ಮೀಟರ್.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕಾಗಿದೆ. ನಾಲ್ಕು ಮೊಳ ಸಾಲದ ಸ್ಥೂಲಕಾಯದವರು ಎಂಟು ಮೊಳದ ಡಬಲ್ ಪಂಚೆಯನ್ನು ಕೊಂಡರೆ ಸರಿಹೋಗುತ್ತದೆಂದು ಅನೇಕರು ಭಾವಿಸಿದ್ದಾರೆ. ಡಬಲ್ ಪಂಚೆಯನ್ನು ಮಡಿಸಿದ ಮೇಲೆ ಅದರ ಉದ್ದ ಪುನಃ ನಾಲ್ಕು ಮೊಳವೇ ಆಗುತ್ತದೆ. ಬಟ್ಟೆ ದಪ್ಪವಾಗುತ್ತದೆಯೇ ಹೊರತು ಸುತ್ತು ಹೆಚ್ಚಾಗುವುದಿಲ್ಲ. ಅಂತಹವರು ಮಡಿಸಿದಾಗ 2.25 ಮೀಟರ್ ಬರುವ ಹತ್ತು ಮೊಳದ ಪಂಚೆಯನ್ನು ಕೊಳ್ಳಬೇಕು. ಇಲ್ಲವೇ ಎಂಟು ಮೊಳವನ್ನು ಮಡಿಸದೆಯೇ ಸುತ್ತಿ ಉಡಬೇಕು.

ಉದ್ದದ ಲೆಕ್ಕ

ಅಡ್ಡಪಂಚೆಯು ಸೊಂಟವನ್ನು ಒಂದು ಬಾರಿ ಪೂರ್ಣವಾಗಿ ಸುತ್ತಿ, ಮುಂಭಾಗವನ್ನು ಮತ್ತೊಮ್ಮೆ ಸಾಕಷ್ಟು ಮುಚ್ಚಬೇಕು. ಈ ಮೇಲುಸುತ್ತು ಕಡಿಮೆಯಾದರೆ ಹೆಜ್ಜೆ ಇಟ್ಟಾಗ ಬಟ್ಟೆ ತೆರೆದುಕೊಳ್ಳುತ್ತದೆ, ಕುಳಿತು ಎದ್ದಾಗ ಗಂಟು ಸಡಿಲವಾಗುತ್ತದೆ. ಅತಿಯಾದರೆ ಕಾಲಿಗೆ ತೊಡರುತ್ತದೆ, ಬೇಸಿಗೆಯಲ್ಲಿ ಸೆಕೆಯೂ ಹೆಚ್ಚು. ನಾನು ಅನುಸರಿಸುತ್ತಿರುವ ಸೂತ್ರ ಸರಳವಾದುದು: ಸೊಂಟದ ಕೆಳಗೆ ಮೈ ಅತ್ಯಂತ ಅಗಲವಾಗಿರುವಲ್ಲಿ ಟೇಪಿನಿಂದ ಸುತ್ತಳತೆ ತೆಗೆದು, ಅದನ್ನು ಒಂದೂ ಮುಕ್ಕಾಲರಿಂದ ಗುಣಿಸಿ, ಸಿಕ್ಕಿಸಲು 15 ಸೆಂಟಿಮೀಟರ್ ಕೂಡಿಸುವುದು.

ಇದರ ಮೇಲೆ ಕುಗ್ಗುವಿಕೆಗೂ ಅವಕಾಶ ಬಿಡಬೇಕು. ಕುಗ್ಗದಂತೆ ಸಂಸ್ಕರಿಸದ ಹತ್ತಿ ಬಟ್ಟೆ ಮೊದಲ ಕೆಲವು ಒಗೆತಗಳಲ್ಲಿ ನೂರಕ್ಕೆ ಮೂರರಿಂದ ಐದು ಭಾಗ ಕುಗ್ಗುವುದು ಸಾಮಾನ್ಯ. ಶೇಕಡ 4ರ ಕುಗ್ಗುವಿಕೆಯನ್ನು ಸೇರಿಸಿ ಲೆಕ್ಕ ಹಾಕಿದರೆ ಹೊಸ ಪಂಚೆಯ ಉದ್ದ ಈ ಕೆಳಗಿನಂತಿರಬೇಕಾಗುತ್ತದೆ.

ಸುತ್ತಳತೆ 90 ಸೆಂ.ಮೀ. ಇದ್ದರೆ: ಸುಮಾರು 1.80 ಮೀಟರ್.
ಸುತ್ತಳತೆ 100 ಸೆಂ.ಮೀ. ಇದ್ದರೆ: ಸುಮಾರು 1.98 ಮೀಟರ್.
ಸುತ್ತಳತೆ 110 ಸೆಂ.ಮೀ. ಇದ್ದರೆ: ಸುಮಾರು 2.16 ಮೀಟರ್.
ಸುತ್ತಳತೆ 120 ಸೆಂ.ಮೀ. ಇದ್ದರೆ: ಸುಮಾರು 2.34 ಮೀಟರ್.

ಹಿಂದಿನವರ ನಾಲ್ಕು ಮೊಳದ ಅಳತೆ ತೆಳ್ಳನೆಯ ಮೈಕಟ್ಟಿಗೆ ಸರಿಹೊಂದುತ್ತಿದ್ದುದು ಏಕೆಂಬುದು ಇದರಿಂದ ತಿಳಿಯುತ್ತದೆ. ಗಲ್ಲಾಪೆಟ್ಟಿಗೆಯ ಮುಂದೆ ದಿನವಿಡೀ ಕುಳಿತಿರುವ ನಮ್ಮಂತಹವರಿಗೆ ಅದು ಸಾಲದು. ಮೇಲೆ ಹೇಳಿದ ಹಮಾಲರ ಸುತ್ತಳತೆ 102 ಸೆಂಟಿಮೀಟರ್ ಇತ್ತು. ಒಗೆದ ಮೇಲೂ ಅವರಿಗೆ 1.93 ಮೀಟರಿಗೂ ಹೆಚ್ಚು ಬೇಕಾಗಿತ್ತು. ಅವರಿಗೆ ದೊರೆತದ್ದು 1.82 ಮೀಟರ್. ಕೊರತೆ ಒಂದು ಗೇಣಿಗಿಂತಲೂ ಕಡಿಮೆ. ಆದರೆ ಚೀಲ ಹೊತ್ತು ಏರುವವನಿಗೆ ಆ ಕೊರತೆಯೇ ಮುಳುವಾಯಿತು.

ಸುತ್ತಿ ಉಡುವ ವಸ್ತ್ರದಲ್ಲಿ ಅಳತೆಯ ಈ ಸಮಸ್ಯೆ ನಮ್ಮ ನಾಡಿಗೆ ಮಾತ್ರ ಸೀಮಿತವಲ್ಲ. ಸ್ಕಾಟ್ಲೆಂಡಿನ ಗಂಡಸರು ಉಡುವ ಕಿಲ್ಟ್ ಎಂಬ ಉಣ್ಣೆಯ ನೆರಿಗೆ ವಸ್ತ್ರಕ್ಕೆ ಸಂಪ್ರದಾಯದಂತೆ ಸುಮಾರು 8 ಗಜ ಬಟ್ಟೆ ಹಿಡಿಯುತ್ತದೆ. ದುಬಾರಿಯಾದ ಅದನ್ನು ಸಮಾರಂಭಗಳಿಗೆ ಮೀಸಲಿಟ್ಟು, ನಿತ್ಯದ ಉಡುಗೆಗೆ 5 ಗಜದಷ್ಟರ ಹಗುರವಾದ ಕಿಲ್ಟನ್ನು ಕೊಳ್ಳುವವರು ಅಲ್ಲಿಯೂ ಇದ್ದಾರೆ. ಪ್ಯಾಂಟಿನ ಬೆಲ್ಟು ನಿಲ್ಲುವ ಜಾಗದ ಅಳತೆಯನ್ನು ಕಿಲ್ಟಿಗೆ ಕೊಡಬಾರದು, ಅದು ನಿಲ್ಲುವ ನಡುವಿನ ಅಳತೆಯನ್ನೇ ತೆಗೆಯಬೇಕು ಎಂಬುದು ಅಲ್ಲಿನ ಹೊಲಿಗೆಯವರು ಹೇಳುವ ಮೊದಲ ಮಾತು. ಪ್ಯಾಂಟಿನ ನಂಬರನ್ನು ಹೇಳಿ ಪಂಚೆ ಕೇಳುವ ನಮ್ಮ ಗಿರಾಕಿಗಳಿಗೂ ಈ ಮಾತು ಅನ್ವಯಿಸುತ್ತದೆ.

ಅಗಲದ ಲೆಕ್ಕ

ಉದ್ದವನ್ನು ವಿಚಾರಿಸುವವರೂ ಅಗಲವನ್ನು ವಿಚಾರಿಸುವುದು ಅಪರೂಪ. ಪಂಚೆ ಕಟ್ಟುವ ಜಾಗದಿಂದ ಕಾಲಿನ ಹರಡಿನವರೆಗೆ ಅಳೆದು, ನಡುವಿನಲ್ಲಿ ಸುರುಳಿ ಸುತ್ತಿ ಭದ್ರಪಡಿಸಲು 12 ಸೆಂಟಿಮೀಟರ್ ಸೇರಿಸಿದರೆ ಬೇಕಾದ ಅಗಲ ದೊರೆಯುತ್ತದೆ. ಐದೂವರೆ ಅಡಿ ಎತ್ತರದವರಿಗೆ 1.20 ಮೀಟರ್ ಅಗಲ ಧಾರಾಳವಾಗಿ ಸಾಕು. ಆರು ಅಡಿ ಎತ್ತರದವರಿಗೆ ಅದು ಹೊಸದರಲ್ಲಿ ಮಾತ್ರ ಸಾಕಾಗುತ್ತದೆ, ಒಗೆದು 1.15 ಮೀಟರಿಗೆ ಇಳಿದಾಗ ಒಂದೋ ಸುರುಳಿ ಸಡಿಲವಾಗಬೇಕು, ಇಲ್ಲವೇ ಪಂಚೆ ಹರಡಿನಿಂದ ಮೇಲಕ್ಕೆ ನಿಲ್ಲಬೇಕು. ಎತ್ತರದವರು 1.27 ಮೀಟರ್, ಅಂದರೆ 50 ಅಂಗುಲ ಅಗಲದ ಪಂಚೆಯನ್ನೇ ಕೇಳಿ ಪಡೆಯತಕ್ಕದ್ದು. ಕುಳ್ಳಗಿನವರು ಅದೇ ಅಗಲದ್ದನ್ನು ಕೊಂಡರೆ ನಡುವಿನಲ್ಲಿ ಬಟ್ಟೆ ರಾಶಿಯಾಗಿ ಗಂಟು ನಿಲ್ಲುವುದಿಲ್ಲ.

ಅಂಗಡಿಯಲ್ಲಿಯೇ ಪಂಚೆಯನ್ನು ಪ್ಯಾಂಟಿನ ಮೇಲೆ ಒಮ್ಮೆ ಸುತ್ತಿ ನೋಡುವುದರಲ್ಲಿ ಸಂಕೋಚ ಬೇಕಿಲ್ಲ. ಸುತ್ತಿದ ಮೇಲೆ ಎರಡು ಕೆಲಸ ಮಾಡಬೇಕು: ಒಮ್ಮೆ ಕುಕ್ಕರಗಾಲಿನಲ್ಲಿ ಕುಳಿತು ಏಳುವುದು, ಅಂಗಡಿಯ ಒಂದೆರಡು ಮೆಟ್ಟಿಲು ಹತ್ತಿ ಇಳಿಯುವುದು. ಮಾಲೇಕಲ್ಲು ತಿರುಪತಿ ಬೆಟ್ಟದ ಮೆಟ್ಟಿಲುಗಳನ್ನು ಪಂಚೆಯುಟ್ಟು ಏರಿದವರಿಗೆ ಈ ಪರೀಕ್ಷೆಯ ಅರ್ಥ ವಿವರಿಸಿ ಹೇಳಬೇಕಾಗಿಲ್ಲ. ಆಷಾಢದ ರಥೋತ್ಸವದ ಜನಸಂದಣಿಯಲ್ಲಿ ಒಂದು ಕೈಯಲ್ಲಿ ಹಣ್ಣುಕಾಯಿ, ಇನ್ನೊಂದು ಕೈಯಲ್ಲಿ ಮೊಮ್ಮಗುವನ್ನು ಹಿಡಿದವರಿಗೆ ಪಂಚೆಯನ್ನು ಹಿಡಿದುಕೊಳ್ಳಲು ಮೂರನೆಯ ಕೈ ಇರುವುದಿಲ್ಲ.

ನೂಲು ಮತ್ತು ನೇಯ್ಗೆ

ಅಂಗಡಿಯವರು 40, 60, 80, 100 ಎಂದು ಹೇಳುವ ಸಂಖ್ಯೆ ನೂಲಿನ ಕೌಂಟು. ಒಂದು ಪೌಂಡ್ ತೂಕದ ನೂಲಿನಲ್ಲಿ 840 ಗಜದ ಎಷ್ಟು ಲಡಿಗಳಿವೆ ಎಂಬುದೇ ಈ ಸಂಖ್ಯೆ. 40 ಕೌಂಟಿನ ಒಂದು ಪೌಂಡ್ ನೂಲು 33,600 ಗಜ ಉದ್ದವಿದ್ದರೆ, 100 ಕೌಂಟಿನದು 84,000 ಗಜ ಇರುತ್ತದೆ. ಸಂಖ್ಯೆ ಹೆಚ್ಚಿದಂತೆ ಎಳೆ ಸಣ್ಣದಾಗುತ್ತದೆ, ಬಟ್ಟೆ ನಯವಾಗುತ್ತದೆ, ಬೆಲೆ ಏರುತ್ತದೆ. ಆದರೆ ನಯವಾದದ್ದೆಲ್ಲ ಹೆಚ್ಚು ಬಾಳುತ್ತದೆ ಎಂಬುದು ಸರಿಯಲ್ಲ. ಗೋಣಿಚೀಲ, ಕಬ್ಬಿಣ, ಯಂತ್ರಗಳ ನಡುವೆ ಓಡಾಡುವವರಿಗೆ 40ರ ಆಸುಪಾಸಿನ ಒತ್ತಾದ ನೇಯ್ಗೆಯ ಬಟ್ಟೆಯೇ ಸೂಕ್ತ. ಅಂಗಡಿ, ಕಚೇರಿಗಳಲ್ಲಿ ಕುಳಿತು ಕೆಲಸ ಮಾಡುವವರು 60 ಅಥವಾ 80 ಕೌಂಟಿನದನ್ನು ಆರಿಸಿಕೊಳ್ಳಬಹುದು. 100 ಮತ್ತು ಅದಕ್ಕೂ ಮೇಲಿನದನ್ನು ಸಮಾರಂಭಗಳಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಕೊಳ್ಳುವ ಮುನ್ನ ಮಾಡಬಹುದಾದ ಸುಲಭ ಪರೀಕ್ಷೆಗಳು ಇಂತಿವೆ.

1. ಬೆಳಕಿಗೆ ಹಿಡಿಯುವುದು: ಹಾಸು ಮತ್ತು ಹೊಕ್ಕು ಒಂದೇ ಸಮನಾಗಿರಬೇಕು. ಅಲ್ಲಲ್ಲಿ ಜಾಳಾಗಿ ಕಂಡರೆ ಅಲ್ಲಿಯೇ ಮೊದಲು ಹರಿಯುತ್ತದೆ.

2. ಉಜ್ಜುವುದು: ಬಟ್ಟೆಯನ್ನು ಕೈಯಲ್ಲಿ ಹಿಸುಕಿ ಉಜ್ಜಿದಾಗ ಬಿಳಿಯ ಹುಡಿ ಉದುರಿದರೆ ಗಂಜಿ ಅತಿಯಾಗಿದೆ ಎಂದರ್ಥ. ಒಗೆದಾಗ ಗಂಜಿ ಹೋಗಿ ಬಟ್ಟೆ ಬಲೆಯಂತಾಗುತ್ತದೆ.

3. ಎಳೆಯನ್ನು ಸುಡುವುದು: ತುದಿಯ ಒಂದು ಎಳೆಯನ್ನು ಸುಟ್ಟಾಗ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿದರೆ ಹತ್ತಿ. ಕರಗಿ ಗಟ್ಟಿಯಾದ ಮಣಿಯಂತಾದರೆ ಅದರಲ್ಲಿ ಪಾಲಿಯೆಸ್ಟರ್ ಇದೆ.

4. ಒದ್ದೆ ಬಟ್ಟೆಯಿಂದ ಒರೆಸುವುದು: ಬಣ್ಣದ ಅಂಚನ್ನು ಒದ್ದೆಯಾದ ಬಿಳಿ ಕರವಸ್ತ್ರದಿಂದ ಉಜ್ಜಿದಾಗ ಬಣ್ಣ ಅಂಟಬಾರದು.

5. ಟೇಪು ಹಿಡಿಯುವುದು: ಉದ್ದ ಅಗಲ ಎರಡನ್ನೂ ಅಳೆಯಬೇಕು. ಹೆಚ್ಚು ಸಂಖ್ಯೆಯಲ್ಲಿ ಕೊಳ್ಳುವವರು ಕಟ್ಟಿನ ಮೇಲಿನದನ್ನು ಬಿಟ್ಟು ಮಧ್ಯದ ಎರಡು ಮೂರು ಪಂಚೆಗಳನ್ನು ಎಳೆದು ಅಳೆಯತಕ್ಕದ್ದು.

ಪಾಲಿಯೆಸ್ಟರ್ ಮಿಶ್ರಣವು ದೋಷವೆಂದು ನಾನು ಹೇಳುತ್ತಿಲ್ಲ. ಅದು ಬೇಗ ಒಣಗುತ್ತದೆ, ಇಸ್ತ್ರಿಯ ಅವಶ್ಯಕತೆ ಕಡಿಮೆ. ಆದರೆ ಬೆವರನ್ನು ಹೀರುವುದಿಲ್ಲ, ನುಣುಪಾಗಿರುವುದರಿಂದ ಗಂಟು ಜಾರುತ್ತದೆ, ಬೆಂಕಿಯ ಬಳಿ ಕರಗಿ ಮೈಗೆ ಅಂಟುವ ಅಪಾಯವಿದೆ. ಕೊಬ್ಬರಿ ಒಣಗಿಸುವ ಗೂಡು, ಬೇಕರಿ, ಹೋಟೆಲಿನ ಒಲೆ, ಕುಲುಮೆ ಮುಂತಾದೆಡೆ ಕೆಲಸ ಮಾಡುವವರಿಗೆ ಹತ್ತಿಯನ್ನೇ ಕೊಡಬೇಕು. ಮಿಶ್ರಣವನ್ನು ಮಿಶ್ರಣವೆಂದೇ ಹೇಳಿ ಮಾರಿದರೆ ತಪ್ಪಿಲ್ಲ. ಹತ್ತಿಯೆಂದು ಹೇಳಿ ಮಾರುವುದು ತಪ್ಪು.

ಮಗ್ಗದ ಮೂಲ

ನಮ್ಮ ಭಾಗದ ಅಂಗಡಿಗಳಿಗೆ ಬರುವ ಸಾಮಾನ್ಯ ದರ್ಜೆಯ ಪಂಚೆ ಮತ್ತು ಲುಂಗಿಗಳಲ್ಲಿ ಬಹುಪಾಲು ತಮಿಳುನಾಡಿನ ಈರೋಡು, ಸೇಲಂ ಕಡೆಯ ವಿದ್ಯುತ್ ಮಗ್ಗಗಳವು. ಕೈಮಗ್ಗದ ಪಂಚೆ ಬೇಕೆನ್ನುವವರು ದೂರ ಹೋಗಬೇಕಾಗಿಲ್ಲ. ಮಂಡ್ಯ ಜಿಲ್ಲೆಯ ಮೇಲುಕೋಟೆಯ ಪಂಚೆಗೆ ಬಹುಕಾಲದಿಂದ ಹೆಸರಿದೆ. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವು ಪ್ರಿಯದರ್ಶಿನಿ ಎಂಬ ಹೆಸರಿನ ಮಳಿಗೆಗಳ ಮೂಲಕ ನೇಕಾರರ ಉತ್ಪನ್ನಗಳನ್ನು ಮಾರುತ್ತಾ ಬಂದಿದೆ. ಕೇರಳದ ತ್ರಿಶ್ಶೂರು ಜಿಲ್ಲೆಯ ಕುತ್ತಾಂಪುಳ್ಳಿಯ ಪಂಚೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಅಲ್ಲಿ ಮಗ್ಗ ನಡೆಸುತ್ತಿರುವವರು ಕೊಚ್ಚಿಯ ಅರಸರ ಕಾಲದಲ್ಲಿ ನಮ್ಮ ನಾಡಿನಿಂದ ಹೋಗಿ ನೆಲೆಸಿದ ದೇವಾಂಗ ನೇಕಾರರ ವಂಶಸ್ಥರು ಎಂಬುದು ನಮಗೆ ಅಭಿಮಾನದ ಸಂಗತಿ.

ಕೈಮಗ್ಗದ್ದೆಂದು ಹೇಳಿ ಹೆಚ್ಚು ಬೆಲೆ ಕೇಳಿದಾಗ 2006ರಲ್ಲಿ ಜಾರಿಗೆ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಅಥವಾ 2015ರ ಆಗಸ್ಟ್ 7ರಂದು ಆರಂಭವಾದ ಇಂಡಿಯಾ ಹ್ಯಾಂಡ್‌ಲೂಮ್ ಬ್ರಾಂಡ್ ಚಿಹ್ನೆ ಇದೆಯೇ ಎಂದು ನೋಡಬೇಕು. ಚಿಹ್ನೆ ಇಲ್ಲದ ಕೈಮಗ್ಗದ ಪಂಚೆಯೂ ಇರಬಹುದು. ಅಂತಹ ಸಂದರ್ಭದಲ್ಲಿ ನೇಕಾರರ ಸಹಕಾರ ಸಂಘದ ರಶೀದಿಯನ್ನು ಆಧಾರವಾಗಿ ಕೇಳಬಹುದು.

ನಿಜವಾದ ವೆಚ್ಚ ಯಾವುದು?

ಯಂತ್ರವನ್ನು ಕೊಳ್ಳುವಾಗ ನಾವು ಬೆಲೆಯೊಂದನ್ನೇ ನೋಡುವುದಿಲ್ಲ. ಎಷ್ಟು ವರ್ಷ ಬಾಳುತ್ತದೆ, ನಡೆಸಲು ಎಷ್ಟು ಖರ್ಚಾಗುತ್ತದೆ ಎಂದು ವಿಚಾರಿಸುತ್ತೇವೆ. ಪಂಚೆಗೂ ಇದೇ ನಿಯಮವನ್ನು ಅನ್ವಯಿಸಬೇಕು. ಬೆಲೆಗೆ ಅದರ ಆಯುಷ್ಯದಲ್ಲಿ ತಗಲುವ ಒಗೆತ, ಗಂಜಿ, ಇಸ್ತ್ರಿಯ ವೆಚ್ಚವನ್ನು ಸೇರಿಸಿ, ಉಟ್ಟ ದಿನಗಳ ಸಂಖ್ಯೆಯಿಂದ ಭಾಗಿಸಿದರೆ ದಿನವೊಂದರ ವೆಚ್ಚ ದೊರೆಯುತ್ತದೆ. ಲೆಕ್ಕದ ವಿಧಾನವನ್ನು ತೋರಿಸಲು ಮೂರು ಕಾಲ್ಪನಿಕ ಉದಾಹರಣೆಗಳನ್ನು ತೆಗೆದುಕೊಳ್ಳೋಣ.

ಮೊದಲನೆಯದು: 220 ರೂಪಾಯಿಯ ಮಿಶ್ರಣದ ಪಂಚೆ. 60 ಬಾರಿ ಉಡಬಹುದು. ಮನೆಯ ಒಗೆತಕ್ಕೆ ಪ್ರತಿ ಬಾರಿ 6 ರೂಪಾಯಿ. ಒಟ್ಟು 580 ರೂಪಾಯಿ. ದಿನಕ್ಕೆ 9 ರೂಪಾಯಿ 67 ಪೈಸೆ.

ಎರಡನೆಯದು: 380 ರೂಪಾಯಿಯ 40 ಕೌಂಟಿನ ಹತ್ತಿಯ ಪಂಚೆ. 100 ಬಾರಿ ಉಡಬಹುದು. ಒಗೆತದ ವೆಚ್ಚ ಅಷ್ಟೇ. ಒಟ್ಟು 980 ರೂಪಾಯಿ. ದಿನಕ್ಕೆ 9 ರೂಪಾಯಿ 80 ಪೈಸೆ.

ಮೂರನೆಯದು: 900 ರೂಪಾಯಿಯ 100 ಕೌಂಟಿನ ಡಬಲ್ ಪಂಚೆ. 100 ಬಾರಿ ಉಡಬಹುದು. ಆದರೆ ಗಂಜಿ, ಇಸ್ತ್ರಿಗಳಿಗಾಗಿ ಲಾಂಡ್ರಿಗೆ ಪ್ರತಿ ಬಾರಿ 30 ರೂಪಾಯಿ. ಒಟ್ಟು 3,900 ರೂಪಾಯಿ. ದಿನಕ್ಕೆ 39 ರೂಪಾಯಿ.

ಈ ಲೆಕ್ಕದಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲ ಎರಡು ಪಂಚೆಗಳ ಬೆಲೆಯಲ್ಲಿ 160 ರೂಪಾಯಿ ಅಂತರವಿದ್ದರೂ ದಿನದ ವೆಚ್ಚದಲ್ಲಿ ಕೇವಲ 13 ಪೈಸೆ ಅಂತರವಿದೆ. ಎರಡನೆಯದಾಗಿ, ದುಬಾರಿ ಪಂಚೆಯ ವೆಚ್ಚದಲ್ಲಿ ಮುಕ್ಕಾಲು ಪಾಲು ಬೆಲೆಯಲ್ಲ, ನಿರ್ವಹಣೆ. ಸದಸ್ಯರು ತಮ್ಮ ಊರಿನ ದರಗಳನ್ನು, ತಮ್ಮ ಬಳಕೆಯನ್ನು ಹಾಕಿ ಈ ಲೆಕ್ಕವನ್ನು ತಾವೇ ಮಾಡಿಕೊಳ್ಳಬಹುದು. ಮೂರು ಅಥವಾ ನಾಲ್ಕು ಪಂಚೆಗಳನ್ನು ಸರದಿಯಂತೆ ಉಟ್ಟರೆ, ನೆರಳಿನಲ್ಲಿ ಒಣಗಿಸಿದರೆ, ಬಿಳುಪಿನ ರಾಸಾಯನಿಕಗಳನ್ನು ಮಿತವಾಗಿ ಬಳಸಿದರೆ ಆಯುಷ್ಯ ಹೆಚ್ಚುತ್ತದೆ.

ಇತ್ತೀಚಿನ ವರ್ಷಗಳಲ್ಲಿ ವೆಲ್ಕ್ರೋ ಪಟ್ಟಿ ಮತ್ತು ಜೇಬು ಹೊಲಿದ ಸಿದ್ಧ ಪಂಚೆಗಳು ಬಳಕೆಗೆ ಬಂದಿವೆ. ಉಟ್ಟು ರೂಢಿಯಿಲ್ಲದ ಯುವಕರಿಗೆ ಇವು ಅನುಕೂಲಕರ. ಆದರೆ ಇವುಗಳಲ್ಲಿ ನಡುವಿನ ಸುರುಳಿಯಿಂದ ಎತ್ತರವನ್ನು ಸರಿಪಡಿಸಿಕೊಳ್ಳುವ ಅವಕಾಶ ಕಡಿಮೆ. ಆದ್ದರಿಂದ ಅಗಲದ ಅಳತೆ ಇನ್ನಷ್ಟು ಕರಾರುವಾಕ್ಕಾಗಿರಬೇಕು. ಪಟ್ಟಿಯಲ್ಲಿ ನೂಲು, ಧೂಳು ಸೇರಿದಂತೆ ಹಿಡಿತ ಸಡಿಲವಾಗುತ್ತದೆ. ಹಮಾಲಿ ಮುಂತಾದ ಶ್ರಮದ ಕೆಲಸಕ್ಕೆ ಇವು ಯೋಗ್ಯವಲ್ಲ.

ಮಾರುವವರು ಗಮನಿಸಬೇಕಾದ ಅಂಶಗಳು

ಪೊಟ್ಟಣದಲ್ಲಿ ಮಾರುವ ಪಂಚೆಗೆ 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮ ಮತ್ತು 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳು ಅನ್ವಯಿಸುತ್ತವೆ. ತಯಾರಕರ ಹೆಸರು ವಿಳಾಸ, ತೆರಿಗೆಗಳೆಲ್ಲ ಸೇರಿದ ಗರಿಷ್ಠ ಮಾರಾಟ ಬೆಲೆ, ಪಂಚೆಗಳ ಸಂಖ್ಯೆ ಮತ್ತು ಅವುಗಳ ಅಳತೆಯನ್ನು ಪೊಟ್ಟಣದ ಮೇಲೆ ನಮೂದಿಸಬೇಕು. ಸಗಟು ಖರೀದಿದಾರರು ತಮ್ಮ ಆರ್ಡರಿನಲ್ಲಿಯೇ ಉದ್ದ, ಅಗಲ, ಕೌಂಟು, ನೂಲಿನ ಬಗೆ ಮತ್ತು ಒಪ್ಪಬಹುದಾದ ಕುಗ್ಗುವಿಕೆಯನ್ನು ಬರೆದು, ಕೊರತೆ ಕಂಡುಬಂದಲ್ಲಿ ಮಾಲನ್ನು ಹಿಂದಿರುಗಿಸುವ ಷರತ್ತು ಹಾಕುವುದು ಕ್ಷೇಮ. ನನ್ನ ಕಕ್ಷಿದಾರರ ಬಿಲ್ಲಿನಲ್ಲಿ ಪಂಚೆ, 40 ಎಂದಷ್ಟೇ ಇದ್ದುದರಿಂದ ಅವರು ಆಧಾರಸಹಿತವಾಗಿ ದೂರು ಕೊಡಲಾಗಲಿಲ್ಲ.

ತೆರಿಗೆಯ ವಿಷಯದಲ್ಲಿ, ನೂರಕ್ಕೆ 85 ಅಥವಾ ಹೆಚ್ಚು ಭಾಗ ಹತ್ತಿಯಿದ್ದು ಚದರ ಮೀಟರಿಗೆ 200 ಗ್ರಾಮಿಗಿಂತ ಹೆಚ್ಚಿಲ್ಲದ ಬಟ್ಟೆಗಳ 5208ನೇ ಶೀರ್ಷಿಕೆಯಡಿ ಧೋತಿಯ ಹೆಸರೇ ಇದೆ. ಬಟ್ಟೆಯೆಂದು ವರ್ಗೀಕೃತವಾದ ಪಂಚೆಗೆ ಸರಕು ಮತ್ತು ಸೇವಾ ತೆರಿಗೆಯ ದರ ಶೇಕಡ 5. ಹೊಲಿದ ಸಿದ್ಧ ಉಡುಪೆಂದು ಪರಿಗಣಿತವಾದಲ್ಲಿ, 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರಗಳಂತೆ ಒಂದಕ್ಕೆ 2,500 ರೂಪಾಯಿವರೆಗೆ ಶೇಕಡ 5, ಅದನ್ನು ಮೀರಿದರೆ ಶೇಕಡ 18 ಆಗುತ್ತದೆ. ವೆಲ್ಕ್ರೋ ಪಂಚೆ ಮಾರುವವರು ಎಚ್.ಎಸ್.ಎನ್. ಸಂಕೇತವನ್ನು ಸರಿಯಾಗಿ ನಿರ್ಧರಿಸಿಕೊಳ್ಳತಕ್ಕದ್ದು.

ಕೆಲಸಗಾರರಿಗೆ ಉಡುಗೊರೆಯಾಗಿ ಕೊಡುವ ಪಂಚೆಯ ಮೇಲೆ ಪಾವತಿಸಿದ ತೆರಿಗೆಗೆ ಹೂಡುವಳಿ ಜಮೆ ಪಡೆಯಲು ಕಾಯಿದೆಯ 17(5)ನೇ ಪ್ರಕರಣ ಅವಕಾಶ ನೀಡುವುದಿಲ್ಲ. ಒಬ್ಬ ನೌಕರನಿಗೆ ಒಂದು ಆರ್ಥಿಕ ವರ್ಷದಲ್ಲಿ ಕೊಟ್ಟ ಉಡುಗೊರೆ 50,000 ರೂಪಾಯಿ ಮೀರದಿದ್ದರೆ ಅದನ್ನು ಪೂರೈಕೆಯೆಂದು ಪರಿಗಣಿಸುವುದಿಲ್ಲ. ಮಾಲೀಕರು ತಮಗಾಗಿ ಕೊಂಡ ಪಂಚೆಯನ್ನು ವ್ಯಾಪಾರದ ಖರ್ಚಿಗೆ ಬರೆಯಬಾರದು. ಅದು ಸ್ವಂತ ಖರ್ಚಿನ ಖಾತೆಗೆ ಸೇರಬೇಕು.

ಇನ್ನು ತಯಾರಕರ ಬಗ್ಗೆ ಒಂದು ಮಾತು. 1985ರ ಕೈಮಗ್ಗ ಮೀಸಲು ಅಧಿನಿಯಮದಂತೆ ನಿರ್ದಿಷ್ಟ ಲಕ್ಷಣಗಳುಳ್ಳ 11 ಬಗೆಯ ವಸ್ತ್ರಗಳನ್ನು ಕೈಮಗ್ಗಕ್ಕೆ ಕಾಯ್ದಿರಿಸಲಾಗಿದ್ದು, ಅವುಗಳಲ್ಲಿ ಪಂಚೆಯೂ ಲುಂಗಿಯೂ ಸೇರಿವೆ. ಈ ಅಧಿನಿಯಮವನ್ನು ಸರ್ವೋಚ್ಚ ನ್ಯಾಯಾಲಯ 1993ರಲ್ಲಿ ಎತ್ತಿಹಿಡಿದಿದೆ. ವಿದ್ಯುತ್ ಮಗ್ಗ ನಡೆಸುವವರು ಅಂಚಿನ ವಿನ್ಯಾಸವನ್ನು ಆಯ್ದುಕೊಳ್ಳುವ ಮುನ್ನ ಜಾರಿಯಲ್ಲಿರುವ ಆದೇಶವನ್ನು ಪರಿಶೀಲಿಸಬೇಕು.

ಪಂಚೆಯ ಗೌರವ

ಪಂಚೆಯ ಆಯ್ಕೆ ಕೇವಲ ಮಿತವ್ಯಯದ ಪ್ರಶ್ನೆಯಲ್ಲ. ನಮ್ಮ ಹಾಸನ ಜಿಲ್ಲೆಯವರೇ ಆದ ಶ್ರೀ ಎಚ್.ಡಿ. ದೇವೇಗೌಡರು 1996ರ ಜೂನ್‌ನಿಂದ 1997ರ ಏಪ್ರಿಲ್‌ವರೆಗೆ ದೇಶದ ಪ್ರಧಾನಮಂತ್ರಿಯಾಗಿದ್ದಾಗಲೂ ಪಂಚೆಯನ್ನು ಬಿಡಲಿಲ್ಲ. ಹೀಗಿದ್ದರೂ 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ, ಮಗನೊಡನೆ ಸಿನಿಮಾ ನೋಡಲು ಬಂದಿದ್ದ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ಒಳಗೆ ಬಿಡಲಿಲ್ಲ. ವಿಷಯ ವಿಧಾನಸಭೆಯವರೆಗೆ ಹೋಗಿ, ಆ ಮಾಲನ್ನು ಏಳು ದಿನ ಮುಚ್ಚಿಸಲಾಗುವುದೆಂದು ಸರ್ಕಾರ ಪ್ರಕಟಿಸಿತು. ತಮಿಳುನಾಡಿನಲ್ಲಿ 2014ರಲ್ಲಿ ಇಂತಹುದೇ ಘಟನೆ ನಡೆದು, ಪಂಚೆ ಉಟ್ಟವರನ್ನು ಸಾರ್ವಜನಿಕ ಸ್ಥಳಗಳಲ್ಲಿ ತಡೆಯಬಾರದೆಂದು ಶಾಸನವೇ ಆಯಿತು.

ಈ ಘಟನೆಗಳನ್ನು ಓದಿ ನಾವೆಲ್ಲ ಬೇಸರಪಟ್ಟಿದ್ದೇವೆ. ಆದರೆ ಉಡಲಾಗದ ಪಂಚೆಯನ್ನು ಹಬ್ಬದ ದಿನ ಕೆಲಸಗಾರನ ಕೈಗಿಡುವಾಗ ನಾವೂ ಅವನಿಗೆ ಅಗೌರವ ತೋರಿದಂತೆಯೇ ಎಂಬುದನ್ನು ಯೋಚಿಸಬೇಕಾಗಿದೆ. ಕೊಟ್ಟದ್ದನ್ನು ಅವನು ಬೇಡವೆನ್ನಲಾರ, ಅಳತೆ ಸಾಲದೆಂದು ಹೇಳಲೂ ಆರ. ನನ್ನ ಕಕ್ಷಿದಾರರ ಹಮಾಲರಲ್ಲಿ ಒಬ್ಬರೂ ಮಾಲೀಕರ ಮುಂದೆ ದೂರಲಿಲ್ಲ. ಬಿದ್ದವರು ಸಹ ಪಂಚೆಯ ಹೆಸರೆತ್ತದೆ, ಹಲಗೆ ಜಾರಿತೆಂದೇ ಹೇಳಿದ್ದರು. ನಿಜ ಸಂಗತಿಯನ್ನು ತಿಳಿಸಿದ್ದು ಅವರ ಪತ್ನಿ.

ಮರುವರ್ಷದ ಆಯುಧಪೂಜೆಗೆ ಮುನ್ನ ಆ ವ್ಯಾಪಾರಸ್ಥರು ತಮ್ಮ ಗುಮಾಸ್ತರ ಕೈಗೆ ಒಂದು ಟೇಪು ಕೊಟ್ಟು ಎಲ್ಲರ ಸುತ್ತಳತೆ ಮತ್ತು ಎತ್ತರವನ್ನು ಬರೆಸಿಕೊಂಡರು. ನಲವತ್ತು ಮಂದಿಗೆ ಮೂರು ಅಳತೆಗಳು ಸಾಕಾದವು. ಆರ್ಡರಿನಲ್ಲಿ ಅಳತೆ, ಕೌಂಟು ನಮೂದಾದವು. ಮಾಲು ಬಂದಾಗ ಅಳೆದು ತೆಗೆದುಕೊಂಡರು. ಒಂದಕ್ಕೆ 70 ರೂಪಾಯಿಯಂತೆ ಒಟ್ಟು 2,800 ರೂಪಾಯಿ ಹೆಚ್ಚು ಖರ್ಚಾಯಿತು. ದೀಪಾವಳಿಯ ನಂತರ ನಾನು ಲೆಕ್ಕ ನೋಡಲು ಆ ಮಳಿಗೆಗೆ ಹೋದಾಗ ಲಾರಿಗೆ ಚೀಲ ತುಂಬುತ್ತಿದ್ದ ಹನ್ನೊಂದು ಜನರಲ್ಲಿ ಒಂಬತ್ತು ಜನ ಆ ಪಂಚೆಯನ್ನೇ ಎತ್ತಿಕಟ್ಟಿದ್ದರು.

ಕೊನೆಯದಾಗಿ, ಪಂಚೆ ಕೊಳ್ಳಲು ಹೋಗುವ ಮುನ್ನ ಸುತ್ತಳತೆ ಹಾಗೂ ಎತ್ತರದ ಎರಡು ಸಂಖ್ಯೆಗಳನ್ನು ಬರೆದುಕೊಳ್ಳಿ. ಅಂಗಡಿಯಲ್ಲಿ ಟೇಪು ಕೇಳಿ. ಕುಳಿತು ಎದ್ದು ನೋಡಿ. ದಿನದ ವೆಚ್ಚವನ್ನು ಲೆಕ್ಕ ಹಾಕಿ. ಜವಳಿ ವ್ಯಾಪಾರಿ ಸದಸ್ಯರು ತಮ್ಮ ಮೇಜಿನ ಮೇಲೆ ಟೇಪೊಂದನ್ನು ಗಿರಾಕಿಗೆ ಕಾಣುವಂತೆ ಇಟ್ಟರೆ, ಅದಕ್ಕಿಂತ ಒಳ್ಳೆಯ ಜಾಹೀರಾತು ಬೇರೊಂದಿಲ್ಲವೆಂದು ವಿನಂತಿಸುತ್ತಾ ಈ ಲೇಖನವನ್ನು ಮುಗಿಸುತ್ತೇನೆ.